ಬೇಡ್ತಿಯ ಕಡೆಗೊ, ಬೆಣ್ಣೆಹಳ್ಳದ ಕಡೆಗೊ?

ಹುಬ್ಬಳ್ಳಿಯ ಸೀಮೆಯ ಮೇಲೆ ಬೀಳುವ ಮಳೆಗೆ ಎರಡು ದಾರಿಗಳಿವೆ. ಪಡುವಣಕ್ಕೆ ಇಳಿದ ನೀರು ಬೇಡ್ತಿಯನ್ನು ಸೇರುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯನ್ನು ಕಲಘಟಗಿಯ ಸುತ್ತಿನಲ್ಲಿ ಕೂಡಿಕೊಂಡು, ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಬಂಡೆಗಳಿಂದ ಧುಮುಕಿ, ಗಂಗಾವಳಿಯೆಂಬ ಹೆಸರು ಹೊತ್ತು ಅಂಕೋಲೆಯ ಬಳಿ ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಮೂಡಣಕ್ಕೆ ಹರಿದ ನೀರು ಬೆಣ್ಣೆಹಳ್ಳದ ಪಾಲಾಗಿ, ನವಲಗುಂದದ ಎರೆಹೊಲಗಳ ನಡುವೆ ಸಾಗಿ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಸಮುದ್ರಗಳ ಪಾಲಾಗುವ ಊರು ಇದು.

ರಸ್ತೆಗಳೂ ನೀರಿನ ಜಾಡನ್ನೇ ಹಿಡಿದಿವೆ. 67ನೆಯ ರಾಷ್ಟ್ರೀಯ ಹೆದ್ದಾರಿ ಗದಗು, ಕೊಪ್ಪಳಗಳ ಬಯಲನ್ನು ಸೀಳಿಕೊಂಡು ಹೊಸಪೇಟೆಗೆ ಓಡುತ್ತದೆ. 52ನೆಯದು ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನು ಇಳಿಯುತ್ತದೆ. ಮೊದಲನೆಯದರಲ್ಲಿ ಬಿಸಿಲು, ಗಾಳಿ, ಕಣ್ಣು ಹಾಯುವಷ್ಟು ದೂರ ನೇರ ದಾರಿ. ಎರಡನೆಯದರಲ್ಲಿ ತಿರುವು, ಮಂಜು, ಮಳೆ ಮತ್ತು ಮರದಿಂದ ತೊಟ್ಟಿಕ್ಕುವ ನೀರು. ಆದಕಾರಣ ಈ ಊರಿನಲ್ಲಿ ದೂರಪ್ರವಾಸಕ್ಕೆಂದು ಮೋಟಾರು ಸೈಕಲ್ಲನ್ನು ಕೊಳ್ಳಹೊರಟವನು ಕಂಪನಿಯ ಹೆಸರನ್ನು ವಿಚಾರಿಸುವ ಮೊದಲು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾನು ಬೇಡ್ತಿಯ ಕಡೆಯವನೊ, ಬೆಣ್ಣೆಹಳ್ಳದ ಕಡೆಯವನೊ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಹಳೇ ಹುಬ್ಬಳ್ಳಿಗಿಂತ ಯೋಗ್ಯವಾದ ಸ್ಥಳ ಇನ್ನೊಂದಿಲ್ಲ. ರಾಯರ ಹುಬ್ಬಳ್ಳಿಯೆಂದು ಹಿಂದೆ ಕರೆಸಿಕೊಂಡ ಮೂಲ ಊರು ಇದೇ. ದುರ್ಗದಬೈಲಿನ ಸುತ್ತಲಿನ ಹೊಸ ಪೇಟೆಯನ್ನು 1727ರಲ್ಲಿ ಸವಣೂರ ನವಾಬ ಮಜೀದಖಾನನ ಅಪ್ಪಣೆ ಪಡೆದು ಬಸಪ್ಪಶೆಟ್ಟರು ಕಟ್ಟಿಸಿದರು. ಅದಕ್ಕೂ ಮೊದಲೇ ಇಲ್ಲಿಯ ಅರಿವೆ ಕಾರವಾರದ ಇಂಗ್ಲಿಷರ ಕೋಠಿಗೆ ಹೋಗುತ್ತಿತ್ತು. 1673ರಲ್ಲಿ ಮರಾಠಾ ದಂಡು ಹುಬ್ಬಳ್ಳಿಯನ್ನು ಸೂರೆ ಮಾಡಿದಾಗ ಇಂಗ್ಲಿಷರ ಸರಕೂ ಅದರೊಡನೆ ಹೋಯಿತು. ಮುಂದೆ 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಆಗ ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ಇಳಿಸುವ ಸಲುವಾಗಿ ಸರಕಾರ ಕಾರವಾರದ ಬಂದರಿನ ಮೇಲೆ ಕಣ್ಣಿಟ್ಟಿತು. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿತು. ಇಂಡಿಪಂಪಿನ ಬಳಿಯ ಕಾರವಾರ ರಸ್ತೆಯ ಹೆಸರಿನ ಹಿಂದೆ ಆ ಹತ್ತಿಯ ಬಂಡಿಗಳ ಕಥೆ ಇದೆ.

ಇಲ್ಲಿಯ ಓಣಿಗಳು ಇಕ್ಕಟ್ಟಾದವು. ಒಂದು ಕಡೆ ಮಸೀದಿಯ ಬಾಂಗು, ಇನ್ನೊಂದು ಕಡೆ ಭಜನೆ. ಶಿವರಾತ್ರಿ ಬಂದರೆ ಸಿದ್ಧಾರೂಢರ ಮಠದ ಜಾತ್ರೆಗೆ ಹೊರಟ ಜನರ ಸಾಲು. 1836ರಿಂದ 1929ರವರೆಗೆ ಬಾಳಿದ ಆ ಅವಧೂತರ ಹೆಸರೇ ಇಂದು ಹುಬ್ಬಳ್ಳಿಯ ರೈಲುನಿಲ್ದಾಣಕ್ಕೂ ಇದೆ. ರೈಲಿನ ಮಾತು ಬಂತು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಇಲ್ಲಿ ಕಾರ್ಯಾಗಾರವನ್ನು ತೆರೆದ ಮೇಲೆ ಲೇತು, ಸುತ್ತಿಗೆ, ಗ್ರೀಸುಗಳು ಈ ಊರಿನ ಕುಲವಿದ್ಯೆಗಳಾದವು. ತಂದೆ ರೈಲ್ವೆಯಲ್ಲಿ ಫಿಟ್ಟರ್, ಮಗ ಓಣಿಯ ಬಾಯಲ್ಲಿ ಗ್ಯಾರೇಜಿನ ಮಿಸ್ತ್ರಿ. ಇಂಥ ಮನೆಗಳು ಇಲ್ಲಿ ಹಲವು. ನಮ್ಮ ಮಿಸ್ತ್ರಿಯೂ ಅಂಥ ಮನೆಯವರೇ. ಅವರ ಮಾತನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಮನೆಯ ಅಗತ್ಯವನ್ನು ನಿವೇದಿಸಬೇಕು. ಕನ್ನಡ ಕಲಿಸುವ ನನಗೆ ಬಹುದಿನಗಳ ಒಂದು ಆಸೆಯಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ವರ್ಷವರ್ಷವೂ ತರಗತಿಯಲ್ಲಿ ಈ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿದವನಿಗೆ, ಅವನ್ನು ಬಸ್ಸಿನ ವೇಳಾಪಟ್ಟಿಯ ಹಂಗಿಲ್ಲದೆ, ಬೇಕಾದ ಕಡೆ ಇಳಿದು, ಬೇಕಾದಷ್ಟು ಹೊತ್ತು ನಿಂತು ನೋಡಬೇಕೆಂಬ ಹಂಬಲವಿರುವುದು ಸಹಜ. ದಾರಿಯಲ್ಲಿ ಪಂಪನ ನೆನಪಿನ ಅಣ್ಣಿಗೇರಿ, ಬಸದಿ ಗುಡಿ ಬಾವಿಗಳ ಲಕ್ಕುಂಡಿ, 1112ರ ಮಹಾದೇವ ದೇವಾಲಯದ ಇಟಗಿ. ಇವೆಲ್ಲವೂ ಬೆಣ್ಣೆಹಳ್ಳದ ಕಡೆಯ ದಾರಿಗಳು. ಬಹುಮಟ್ಟಿಗೆ ಡಾಂಬರು ಹಾಕಿದ ಬಯಲು ದಾರಿಗಳು.

ಆದರೆ ನನ್ನಾಕೆಯ ತವರು ಬೇಡ್ತಿಯ ಕಡೆಗೆ. ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರು. ಅಲ್ಲಿಂದ ಮುಂದೆ ಬಸ್ಸು ಬಿಡುವ ತಿರುವಿನಿಂದ ಮನೆಗೆ ಇನ್ನೂ ಆರು ಕಿಲೋಮೀಟರು ಮಣ್ಣಿನ ದಾರಿ. ನಡುವೆ ಹಳ್ಳಕ್ಕೆ ಹಾಕಿದ ಕಿರುಸಂಕವೊಂದಿದ್ದು, ಅದರ ಮೇಲೆ ಕಾರು ಹಾಯುವುದಿಲ್ಲ. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಅಡಿಕೆಯ ತೋಟವನ್ನೂ ಕೊಟ್ಟಿಗೆಯನ್ನೂ ಬಿಟ್ಟು ಅವರು ಬರಲೊಲ್ಲರು. ಹದಿನೈದು ದಿನಕ್ಕೊಮ್ಮೆ ಔಷಧಿಯನ್ನು ಮುಟ್ಟಿಸಲೇಬೇಕು. ನಮ್ಮಲ್ಲಿ ಇದ್ದದ್ದು ಗೇರಿಲ್ಲದ ಒಂದು ಸ್ಕೂಟರು. ಪೇಟೆಯಲ್ಲಿ ಅದು ಬಂಗಾರದಂಥದು. ಆ ಆರು ಕಿಲೋಮೀಟರಿನ ಕೆಸರಿನಲ್ಲಿ ಅದರ ಪುಟ್ಟ ಗಾಲಿಗಳು ತಿರುಗುವುದನ್ನೇ ಮರೆಯುತ್ತಿದ್ದವು. ಒಂದು ಕೈಗೆ ಕವಿರಾಜಮಾರ್ಗ, ಇನ್ನೊಂದು ಕೈಗೆ ಅತ್ತೆಯ ಔಷಧಿಯ ಚೀಲ. ಎರಡನ್ನೂ ಒಂದೇ ಗಾಡಿಯ ಮೇಲೆ ಹೇರುವುದು ಹೇಗೆ?

ನಮ್ಮ ಹಿರಿಯರು ಈ ಸಮಸ್ಯೆಯನ್ನು ಎತ್ತುಗಳ ವಿಷಯದಲ್ಲಿ ಎಂದೋ ಬಿಡಿಸಿದ್ದರು. ಜಿಗುಟಾದ ಎರೆಮಣ್ಣಿನಲ್ಲಿ ಭಾರವಾದ ರಂಟೆ ಎಳೆಯಬೇಕಾದಲ್ಲಿ ಮೈತುಂಬಿದ ಕೃಷ್ಣಾ ಕಣಿವೆಯ ತಳಿ. ಬಯಲು ದಾರಿಯಲ್ಲಿ ಬಂಡಿ ಕಟ್ಟಿ ಓಡಿಸಬೇಕಾದಲ್ಲಿ ನೀಳ ಕೋಡಿನ, ಚುರುಕು ಕಾಲಿನ ಖಿಲಾರಿ. ಮಳೆ, ಇಳಿಜಾರು, ಕಾಡುಹಾದಿಗಳಿಗೆ ಮಲೆನಾಡು ಗಿಡ್ಡ. ಮೈ ಚಿಕ್ಕದು, ಮೇವು ಕಡಿಮೆ, ಕಾಲು ಗಟ್ಟಿ. ಮೂರರಲ್ಲಿ ಯಾವುದು ಶ್ರೇಷ್ಠವೆಂದು ಒಕ್ಕಲಿಗನನ್ನು ಕೇಳಿದರೆ ಅವನು ನಕ್ಕಾನು. ನಿನ್ನ ಹೊಲ ಎಲ್ಲಿದೆಯೆಂದು ಮರುಪ್ರಶ್ನೆ ಹಾಕಿಯಾನು.

ಮೋಟಾರು ಸೈಕಲ್ಲುಗಳಲ್ಲಿಯೂ ತಳಿಗಳುಂಟು. ಹಿಂದಿನ ತಲೆಮಾರಿಗೆ ಆಯ್ಕೆ ಸರಳವಾಗಿತ್ತು: ಬುಲೆಟ್ಟೊ, ಜಾವಾವೊ? 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಸ್ಥಾಪನೆಯಾಗಿ, 350 ಸಿಸಿಯ ಬುಲೆಟ್ ನಮ್ಮ ನಾಡಿನಲ್ಲಿ ತಯಾರಾಗತೊಡಗಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಚೆಕೊಸ್ಲೊವಾಕಿಯಾದ ಮಾದರಿಯ 250 ಸಿಸಿಯ ಜಾವಾ ಹೊರಬಂದಿತು. ಬುಲೆಟ್ಟಿನದು ನಾಲ್ಕು ಹೊಡೆತದ ಯಂತ್ರ, ಗಜಗಾಂಭೀರ್ಯದ ಸದ್ದು. ಜಾವಾದ್ದು ಎರಡು ಹೊಡೆತದ ಯಂತ್ರ; ಹಗುರ, ಚುರುಕು, ಬಿಡಿಭಾಗಗಳೂ ಕಡಿಮೆ. ಕಿಕ್ ಹೊಡೆಯುವ ಸನ್ನೆಯೇ ಮಡಿಸಿದಾಗ ಗೇರಿನ ಸನ್ನೆಯಾಗುವ ಅದರ ಜಾಣತನವನ್ನು ಕಂಡು ಹುಡುಗರು ಬೆರಗಾಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅದು ಯೆಜ್ಡಿಯೆಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡೂ ಹೆಸರುಗಳು ಬೇರೊಂದು ಕಂಪನಿಯ ಕೈಯಲ್ಲಿ ಪುನರ್ಜನ್ಮ ಪಡೆದವು: ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ. ಹಳೇ ಹುಬ್ಬಳ್ಳಿಯ ಮುದುಕರ ಬಾಯಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಹೆಸರು: ಫಟಫಟಿ.

ಇಂದು ಅಂಗಡಿಗೆ ಹೋದರೆ ಹೆಸರುಗಳ ಜಾತ್ರೆಯೇ ನೆರೆದಿರುತ್ತದೆ. ನಾವು ಅವುಗಳೊಳಗಿಂದ ಮೂರು ತಳಿಗಳ ಮೂರು ಗಾಡಿಗಳನ್ನು ಆರಿಸಿ, ಹಾಳೆಯ ಮೇಲೆ ಗೆರೆ ಎಳೆದು, ಜಾತಕ ಕೂಡಿಸುವವರಂತೆ ಅಂಕಿಗಳನ್ನು ಬರೆದುಕೊಂಡೆವು. ಮೊದಲನೆಯದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. 349 ಸಿಸಿ, ಸುಮಾರು 20 ಅಶ್ವಶಕ್ತಿ, ತೂಕ 195 ಕಿಲೊ, ಆಸನದ ಎತ್ತರ 805 ಮಿಲಿಮೀಟರು, ನೆಲಕ್ಕೂ ಹೊಟ್ಟೆಗೂ ನಡುವಿನ ಅಂತರ 170 ಮಿಲಿಮೀಟರು. ಎರಡನೆಯದು ಅದೇ ಕಂಪನಿಯು 2023ರ ನವೆಂಬರಿನಲ್ಲಿ ಹೊರತಂದ ಹಿಮಾಲಯನ್ 450. 452 ಸಿಸಿ, 40 ಅಶ್ವಶಕ್ತಿ, 196 ಕಿಲೊ, ಆಸನ 825, ಅಂತರ 230, ಟಾಂಕಿಯಲ್ಲಿ 17 ಲೀಟರು. ಮೂರನೆಯದು ಹೀರೋ ಎಕ್ಸ್‌ಪಲ್ಸ್ 200 4ವಿ. 199.6 ಸಿಸಿ, ಸುಮಾರು 19 ಅಶ್ವಶಕ್ತಿ, 159 ಕಿಲೊ, ಆಸನ 825, ಅಂತರ 220, ಟಾಂಕಿಯಲ್ಲಿ 13 ಲೀಟರು.

ಅಂಕಿಗಳನ್ನು ಓದುವುದಕ್ಕೂ ಒಂದು ವ್ಯಾಕರಣವಿದೆ. ಅಶ್ವಶಕ್ತಿಯೆಂಬುದು ಹೆಚ್ಚಾಗಿ ವೇಗದ ಮಾತು. ಕಡಿಮೆ ವೇಗದಲ್ಲಿ ಭಾರ ಹೊತ್ತು ಏರು ಹತ್ತುವುದಕ್ಕೆ ಬೇಕಾದದ್ದು ತಿರುಚುಬಲ. ಕ್ಲಾಸಿಕ್ 350ರ ತಿರುಚುಬಲ 27 ನ್ಯೂಟನ್ ಮೀಟರು. ಅದು ಎಂಜಿನು ನಿಮಿಷಕ್ಕೆ 4,000 ಸುತ್ತು ತಿರುಗುವಷ್ಟರಲ್ಲಿಯೇ ಒದಗಿ ಬರುವುದರಿಂದ ಇಬ್ಬರು ಕುಳಿತರೂ ಗಾಡಿ ಗೊಣಗದೆ ಸಾಗುತ್ತದೆ. ಎಕ್ಸ್‌ಪಲ್ಸಿಗೆ ಅದರ ಮೂರನೆಯ ಎರಡರಷ್ಟೂ ಇಲ್ಲ, ಅದೂ 6,500 ಸುತ್ತಿನಲ್ಲಿ. ಘಟ್ಟದಲ್ಲಿ ಗೇರು ಇಳಿಸುತ್ತಲೇ ಇರಬೇಕು. ಗಾಲಿಯ ಗಾತ್ರವೂ ಮುಖ್ಯ. ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್‌ಗಳ ಮುಂದಿನ ಗಾಲಿ 21 ಅಂಗುಲ. ದೊಡ್ಡ ಗಾಲಿ ಸಣ್ಣ ಗುಂಡಿಗೆ ಬೀಳದೆ ಅದರ ಮೇಲೆ ಉರುಳಿಕೊಂಡು ಹೋಗುತ್ತದೆ.

ತೆರಿಗೆಯ ಗೆರೆಯೊಂದನ್ನೂ ಮರೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು; ಅದನ್ನು ಮೀರಿದವುಗಳಿಗೆ 40ಕ್ಕೆ ಏರಿತು. 349 ಮತ್ತು 452ರ ನಡುವಿನ ಅಂತರ ಇದರಿಂದ ಯಂತ್ರದಲ್ಲಿರುವುದಕ್ಕಿಂತ ಕಿಸೆಯಲ್ಲಿ ದೊಡ್ಡದಾಯಿತು. ಉಪನ್ಯಾಸಕನ ಸಂಬಳಕ್ಕೆ ಈ ವ್ಯತ್ಯಾಸ ಚೆನ್ನಾಗಿಯೇ ಅರ್ಥವಾಗುತ್ತದೆ.

ಆದರೂ ಮನಸ್ಸು ಹಿಮಾಲಯನ್ನಿನ ಕಡೆಗೇ ಎಳೆಯುತ್ತಿತ್ತು. ಬಯಲಿಗೂ ಘಟ್ಟಕ್ಕೂ ಎರಡಕ್ಕೂ ಒದಗುವ ಗಾಡಿ. ಸಾಲದ ಕಂತು ಸ್ವಲ್ಪ ಹೆಚ್ಚಾದರೆ ಆಗಲಿ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ನನ್ನಾಕೆ ಹಾಳೆಯನ್ನು ತಿರುಗಿಸಿಕೊಂಡು ನೋಡಿ, ಒಂದೇ ಒಂದು ಮಾತು ಕೇಳಿದಳು.

“ನೀವು ಊರಲ್ಲಿ ಇಲ್ಲದೇ ಇದ್ದಾಗ ಆಯಿಗೆ ಏನಾದ್ರೂ ಆದ್ರೆ ಈ ಗಾಡಿ ಹೊಡೆಯೋರು ಯಾರು?”

ನಾವು ಬರೆದ ಹಾಳೆಯಲ್ಲಿ ಆ ಪ್ರಶ್ನೆಗೆ ಕೋಷ್ಟಕವಿರಲಿಲ್ಲ. ಮೌಲ್ಯಮಾಪನಕ್ಕೆಂದು, ವಿಚಾರಗೋಷ್ಠಿಗೆಂದು ವರ್ಷದಲ್ಲಿ ಎಷ್ಟೋ ದಿನ ನಾನು ಊರಲ್ಲಿ ಇರುವುದಿಲ್ಲ. ಪ್ರವಾಸದ ಗಾಡಿಯೆಂದರೆ ಗಂಡಸು ನಡೆಸುವುದು, ಹೆಂಗಸು ಹಿಂದೆ ಕೂಡುವುದು ಎಂಬ ಎಣಿಕೆಯಿಂದಲೇ ಜಾಹೀರಾತುಗಳೂ ಹೊರಡುತ್ತವೆ. ಅವಳ ಎತ್ತರ ಐದು ಅಡಿ ಮೂರು ಅಂಗುಲ. ಅವಳ ಹೆಸರನ್ನು ಸವಾರರ ಪಟ್ಟಿಯಲ್ಲಿ ಬರೆದುಕೊಂಡೊಡನೆ ಮೂರೂ ಗಾಡಿಗಳ ಗುಣಾವಗುಣಗಳು ಬೇರೆಯಾಗಿ ತೋರತೊಡಗಿದವು. ಮರುದಿನವೇ ಇಬ್ಬರೂ ಮಿಸ್ತ್ರಿಯವರ ಗ್ಯಾರೇಜಿಗೆ ಹೋದೆವು.

ಅವರು ಎಲ್ಲವನ್ನೂ ಕೇಳಿ, ಬೀಡಿಯನ್ನು ಕಿವಿಯ ಮೇಲಿಟ್ಟುಕೊಂಡು ಹೇಳಿದರು: “ಸರ, ಶೋರೂಮಿನ್ಯಾಗ ನಿಂತ ಗಾಡಿ ಎಲ್ಲಾ ಛಲೋನ ಕಾಣ್ತಾವ. ಕೆಸರಿನ್ಯಾಗ ಬಿದ್ದ ಮ್ಯಾಲ ಗೊತ್ತಾಗತೈತಿ, ಯಾವುದು ನಮ್ಮದು, ಯಾವುದು ಮಂದೀದು ಅಂತ. ಅಕ್ಕಾರು ಹೊಡೀತಾರಂದ್ರ ಅಕ್ಕಾರ ಎತ್ತಬೇಕು. ಮಲಗಿಸಿ ಎತ್ತಿ ನೋಡ್ರಿ, ಆಮ್ಯಾಲ ರೊಕ್ಕ ಕೊಡ್ರಿ.”

ಅವರ ಗ್ಯಾರೇಜಿನಲ್ಲಿ ರಿಪೇರಿಗೆ ಬಂದಿದ್ದ ಗಾಡಿಗಳಿದ್ದವು. ಮಾಲೀಕರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಓಣಿಯಲ್ಲಿ ಗೋಣಿಚೀಲಗಳನ್ನು ದಪ್ಪಗೆ ಹಾಸಿ, ಒಂದು ಕ್ಲಾಸಿಕ್ಕನ್ನೂ ಒಂದು ಎಕ್ಸ್‌ಪಲ್ಸನ್ನೂ ಅದರ ಮೇಲೆ ಮೆಲ್ಲಗೆ ಮಲಗಿಸಿದರು. ಹಿಮಾಲಯನ್ ಅಲ್ಲಿರಲಿಲ್ಲ, ಅದರ ತೂಕ ಕ್ಲಾಸಿಕ್ಕಿನದೇ ಆದ್ದರಿಂದ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಶಾಲೆ ಬಿಟ್ಟ ಹುಡುಗರ ದಂಡು ಕಟ್ಟೆಯ ಮೇಲೆ ಸಾಲಾಗಿ ಕುಳಿತಿತು. ಮೇಲಿನ ಕಿಟಕಿಗಳಲ್ಲಿ ಸೆರಗುಗಳೂ ಬುರಖೆಗಳೂ ಕಾಣಿಸಿಕೊಂಡವು.

ಬಿದ್ದ ಗಾಡಿಯನ್ನು ಎತ್ತುವುದಕ್ಕೆ ಕ್ರಮವಿದೆ. ಮೊದಲು ಎಂಜಿನನ್ನು ನಿಲ್ಲಿಸಿ, ಗಾಡಿ ಹಿಂದಕ್ಕೂ ಮುಂದಕ್ಕೂ ಜಾರದಂತೆ ಗೇರಿನಲ್ಲಿಡಬೇಕು. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸ್ಟ್ಯಾಂಡನ್ನು ಮೊದಲೇ ಬಿಡಿಸಬೇಕು, ಇಲ್ಲವಾದರೆ ಎತ್ತಿದ ಗಾಡಿ ಆಚೆಗೆ ಬಿದ್ದೀತು. ಗಾಡಿಗೆ ಬೆನ್ನು ಮಾಡಿ, ಟೊಂಕವನ್ನು ಆಸನದ ಅಂಚಿಗೆ ಆನಿಸಿ, ಮೊಣಕಾಲು ಮಡಿಸಿ ಕೂಡಬೇಕು. ಒಂದು ಕೈಯಲ್ಲಿ ಪೂರ್ತಿ ತಿರುಗಿಸಿದ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿಕೆ. ಬೆನ್ನು ನೆಟ್ಟಗಿರಲಿ, ಬಲವೆಲ್ಲ ತೊಡೆಯಿಂದ ಬರಲಿ. ಹಾಗೆಯೇ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆದರೆ ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ. ಬಗ್ಗಿ ಎದೆಯ ಕಡೆಗೆ ಎಳೆದವನು ಗಾಡಿಗೂ ಮೊದಲು ತಾನೇ ಮಲಗುತ್ತಾನೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲು ಕ್ಲಾಸಿಕ್ಕಿಗೆ ಬೆನ್ನು ಕೊಟ್ಟಳು. ಅದು ಅರ್ಧದವರೆಗೆ ಎದ್ದಿತು, ಅಲ್ಲಿಯೇ ನಿಂತಿತು, ಮಿಸ್ತ್ರಿ ಕೈ ಹಚ್ಚಿದರು. ಎರಡನೆಯ ಸಲವೂ ಹಾಗೆಯೇ. ಅಭ್ಯಾಸದಿಂದ ಅದನ್ನೂ ಎತ್ತುವವರಿದ್ದಾರೆ. ಆದರೆ ಒಣನೆಲದಲ್ಲಿಯೇ ಇಷ್ಟು ಶ್ರಮವಾದರೆ ಜಾರುವ ಕೆಸರಿನಲ್ಲಿ ಗತಿಯೇನು? ಆಮೇಲೆ ಎಕ್ಸ್‌ಪಲ್ಸ್. ಒಂದು ಸಲ ಉಸಿರು ಬಿಗಿಹಿಡಿದಳು. ನಾಲ್ಕು ಹೆಜ್ಜೆಗಳಲ್ಲಿ ಗಾಡಿ ನೆಟ್ಟಗಾಯಿತು. ಕಟ್ಟೆಯ ಮೇಲಿನ ಹುಡುಗರು ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು. 195ಕ್ಕೂ 159ಕ್ಕೂ ನಡುವಿನ 36 ಕಿಲೊ ಎಷ್ಟು ದೊಡ್ಡದೆಂಬುದನ್ನು ಯಾವ ಪುಸ್ತಿಕೆಯೂ ನನಗೆ ಅಷ್ಟು ಸ್ಪಷ್ಟವಾಗಿ ತಿಳಿಸಿರಲಿಲ್ಲ.

ಆಸನದ ಎತ್ತರದ ತೊಡಕು ಉಳಿದಿತ್ತು. 825 ಮಿಲಿಮೀಟರೆಂದರೆ ಮೂವತ್ತೆರಡೂವರೆ ಅಂಗುಲ; ಅವಳ ಎರಡೂ ಪಾದಗಳು ನೆಲಕ್ಕೆ ಊರುವುದಿಲ್ಲ. ಮಿಸ್ತ್ರಿ ಇದಕ್ಕೂ ದಾರಿ ತೋರಿಸಿದರು. ಸವಾರ ಕುಳಿತಾಗ ಸ್ಪ್ರಿಂಗು ಒಂದಿಷ್ಟು ಇಳಿಯುತ್ತದೆ. ಅಲ್ಲದೆ ಎರಡೂ ಪಾದ ಊರಬೇಕೆಂಬ ಹಟವೇಕೆ? ಎಡ ಪಾದವೊಂದು ಗಟ್ಟಿಯಾಗಿ ಊರಿ, ಬಲ ಪಾದ ಬ್ರೇಕಿನ ಮೇಲಿದ್ದರೆ ಸಾಕು. ಗಾಡಿ ಹಗುರವಾಗಿದ್ದರೆ ಒಂದೇ ಕಾಲು ಅದನ್ನು ತಾಳಿಕೊಳ್ಳುತ್ತದೆ. “ಕುದುರಿ ಮ್ಯಾಲ ಕುಂತವರ ಕಾಲು ನೆಲಕ್ಕ ಹತ್ತತಾವೇನ್ರಿ ಅಕ್ಕಾರ?” ಎಂದು ಕೇಳಿ ಅವರು ಬೀಡಿ ಹಚ್ಚಿದರು.

ಹೀಗೆ ನಮ್ಮ ಮನೆಗೆ ಗಿಡ್ಡ ತಳಿ ಬಂದಿತು. ನನ್ನಾಕೆ ಗೇರಿರುವ ಗಾಡಿಯ ಲೈಸೆನ್ಸನ್ನು ಹೊಸದಾಗಿ ಪಡೆದಳು. ಹಗುರ ಗಾಡಿಗೆ ತನ್ನದೇ ಆದ ಮಿತಿಗಳಿವೆ ಎಂಬುದನ್ನು ಓದುಗರಿಗೆ ಮರೆಮಾಚಲಾರೆ. ಬಯಲಿನ ಅಡ್ಡಗಾಳಿ ಅದನ್ನು ನೂಕುತ್ತದೆ. ಭಾರವಾದ ಗಾಡಿ ಅದೇ ಗಾಳಿಯಲ್ಲಿ ಗೂಟ ಹೊಡೆದಂತೆ ಓಡುತ್ತದೆ. ಇಬ್ಬರು ಕುಳಿತು ಲಾರಿಯನ್ನು ಹಿಂದೆ ಹಾಕಬೇಕಾದರೆ ಮೊದಲೇ ಯೋಚಿಸಬೇಕು. ನಾವು 70ರ ವೇಗವನ್ನು ಮೀರದೆ, ನಲವತ್ತು ಕಿಲೋಮೀಟರಿಗೊಮ್ಮೆ ಇಳಿದು ಬೆನ್ನು ನೀಡುವ ನಿಯಮವನ್ನು ಹಾಕಿಕೊಂಡೆವು. ಅದರಿಂದ ನಷ್ಟವಾಗಲಿಲ್ಲ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯನ್ನು ಎಷ್ಟೋ ಸಲ ಬಸ್ಸಿನಿಂದ ದಾಟಿದ್ದೆ. ಅರಗಿನ ಬಣ್ಣ ಹಚ್ಚುವುದನ್ನು ನಿಂತು ನೋಡಿದ್ದು ಈ ನಿಯಮದ ದೆಸೆಯಿಂದಲೇ.

ಆ ಜುಲೈಯಲ್ಲಿ ನಾನು ಮೌಲ್ಯಮಾಪನಕ್ಕೆಂದು ಬೆಂಗಳೂರಿನಲ್ಲಿದ್ದೆ. ಮೂರು ದಿನಗಳಿಂದ ಘಟ್ಟದಲ್ಲಿ ಮಳೆ ಹಿಡಿದಿತ್ತು. ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದ ಸುದ್ದಿ ನಸುಕಿನಲ್ಲಿ ಬಂದಿತು. ನಾನು ರೈಲು ಹಿಡಿದು ಹುಬ್ಬಳ್ಳಿಗೆ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಮನೆಯ ಮುಂದೆ ಗಾಡಿಯಿರಲಿಲ್ಲ. ಫೋನಿನಲ್ಲಿ ಅವಳ ಧ್ವನಿ ಎಂದಿನಂತೆಯೇ ಇತ್ತು. ಅತ್ತೆಯವರ ಮಣಿಕಟ್ಟಿನ ಎಲುಬು ಮುರಿದಿತ್ತು. ನೆರೆಯವರ ಜೀಪು ಸಂಕದ ಆಚೆಗೆ ಬಂದು ನಿಂತಿತ್ತಂತೆ. ಅಲ್ಲಿಯವರೆಗೆ ತಾಯಿಯನ್ನು ಹಿಂದೆ ಕೂಡಿಸಿಕೊಂಡು, ಒಂದನೆಯ ಗೇರಿನಲ್ಲಿ ನಡಿಗೆಯ ವೇಗದಲ್ಲಿ ತಂದು, ಯಲ್ಲಾಪುರದ ಆಸ್ಪತ್ರೆಗೆ ಮುಟ್ಟಿಸಿ, ಕೈಗೆ ಪಟ್ಟಿ ಹಾಕಿಸಿದ್ದಳು. ದಾರಿ ಹೇಗಿತ್ತೆಂದು ಕೇಳಿದೆ.

“ಹೋಗುವಾಗ ಎರಡು ಸಲ ಮಲಗಿತು. ಎರಡು ಸಲ ಎಬ್ಬಿಸಿದೆ” ಎಂದಳು. ಆಮೇಲೆ ಅತ್ತೆಯವರ ಊಟದ ಮಾತನ್ನು ತೆಗೆದಳು.

ಎಲ್ಲರೂ ಇದೇ ಗಾಡಿಯನ್ನು ಕೊಳ್ಳಬೇಕೆಂದು ನಾನು ಹೇಳಹೊರಟಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರನ್ನು ಪದೇ ಪದೇ ಸವೆಸುವವನಿಗೆ ಹಿಮಾಲಯನ್ ಒಪ್ಪೀತು. ಗದಗು, ಬಾದಾಮಿಗಳ ಬಯಲಿನಲ್ಲಿ ಮಡದಿಯೊಡನೆ ಸಾವಕಾಶವಾಗಿ ಸಾಗಬಯಸುವವನಿಗೆ ಕ್ಲಾಸಿಕ್ಕಿನ ಅಗಲವಾದ ಆಸನವೂ ಮಂದ್ರಸ್ಥಾಯಿಯೂ ಹಿತವಾದಾವು. ಆದರೆ ಆರಿಸುವಾಗ ಬರೆಯುವ ಹಾಳೆಯಲ್ಲಿ ಅಶ್ವಶಕ್ತಿಯ ಕೋಷ್ಟಕಕ್ಕಿಂತ ಮೊದಲು ನಾಲ್ಕು ಸಾಲುಗಳಿರಲಿ: ಅತಿ ಕೆಟ್ಟ ದಾರಿ ಯಾವುದು? ಅದರ ಮೇಲೆ ಯಾವ ತಿಂಗಳಲ್ಲಿ ಹೋಗಬೇಕು? ಮನೆಯಲ್ಲಿ ಯಾರು ಯಾರು ನಡೆಸುತ್ತಾರೆ? ಬಿದ್ದರೆ ಅವರಲ್ಲಿ ಅತಿ ಚಿಕ್ಕವರು ಒಬ್ಬರೇ ಎತ್ತಬಲ್ಲರೆ? ಮೊದಲ ಮೂರಕ್ಕೆ ಉತ್ತರವನ್ನು ಮನೆಯಲ್ಲಿಯೇ ಕುಳಿತು ಬರೆಯಬಹುದು. ನಾಲ್ಕನೆಯದಕ್ಕೆ ಎರಡು ಗೋಣಿಚೀಲಗಳೂ ಒಬ್ಬ ಒಳ್ಳೆಯ ಮಿಸ್ತ್ರಿಯೂ ಬೇಕು.

ಅತ್ತೆಯವರ ಕೈ ಕೂಡಿಕೊಂಡ ಮೇಲೆ, ಮಳೆ ಹೊಳವಾದ ದಿನಗಳಲ್ಲಿ, ನಾವು ಮೂಡಣದ ದಾರಿಯನ್ನೂ ಹಿಡಿದೆವು. ಲಕ್ಷ್ಮೇಶ್ವರದ ಸೋಮೇಶ್ವರನನ್ನು ನೋಡಿದೆವು. ಕೊಪ್ಪಳದ ಗುಡ್ಡವನ್ನು ಹತ್ತಿದೆವು. ಪಟ್ಟದಕಲ್ಲಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹೋಗುವಾಗ ನಾನು ನಡೆಸಿದರೆ ಬರುವಾಗ ಅವಳು. ನಾಲ್ಕರಲ್ಲಿ ಒಕ್ಕುಂದವೊಂದು ಉಳಿದಿದೆ. ಈ ಸುಗ್ಗಿಯಲ್ಲಿ ಹೊರಡಬೇಕೆಂದಿದ್ದೇವೆ. ಆಯಿಯೂ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಅವರಿಗೆ ಬಸ್ಸಿನ ಟಿಕೀಟು ತೆಗೆಸಬೇಕು.